ಪರಿಸರಶಿಕ್ಷಣದ ಸಂಶೋಧನೆ ಮತ್ತು ಅದರ ಲೋಕೋಪಯೋಗ



ವಿದ್ಯೆಗೆ ನಾಲ್ಕು ದಶೆಗಳುಂಟೆಂದು ಪಾಠಶಾಲೆಗಳಲ್ಲಿ ಹೇಳುವ ಸಂಪ್ರದಾಯವಿದೆ. ಮೊದಲು ಓದುವುದು, ಆಮೇಲೆ ಓದಿದುದರ ಅರ್ಥವನ್ನು ಗ್ರಹಿಸುವುದು, ಬಳಿಕ ಗ್ರಹಿಸಿದುದನ್ನು ಆಚರಿಸುವುದು, ಕಡೆಗೆ ಅದನ್ನು ಪರರಿಗೆ ತಿಳಿಸುವುದು. ಮೊದಲೆರಡು ದಶೆಗಳಲ್ಲಿಯೇ ನಿಂತ ವಿದ್ಯೆಯು ಹೂ ಬಿಟ್ಟು ಕಾಯಿ ಕಟ್ಟದ ಗಿಡದಂತೆ ನಿಷ್ಫಲವಾಗುತ್ತದೆ. ಪರಿಸರಶಿಕ್ಷಣವೆಂಬ ಹೆಸರಿನಿಂದ ಇಂದು ಶಾಲೆಗಳಲ್ಲಿ ನಡೆಯುತ್ತಿರುವ ಬೋಧನೆಯು ಈ ನಾಲ್ಕರಲ್ಲಿ ಎಲ್ಲಿಯವರೆಗೆ ಸಾಗಿದೆ, ಎಲ್ಲಿ ನಿಂತಿದೆ, ಏಕೆ ನಿಂತಿದೆ ಎಂಬುದನ್ನು ಪರೀಕ್ಷಿಸಿ ಹೇಳುವ ಶಾಸ್ತ್ರವೊಂದು ಬೆಳೆದಿರುತ್ತದೆ. ಆ ಶಾಸ್ತ್ರದಿಂದ ಆಡಳಿತ ನಡೆಯಿಸುವವರಿಗೂ ಜನಸಾಮಾನ್ಯರಿಗೂ ಆಗುವ ಪ್ರಯೋಜನವೇನೆಂಬುದನ್ನು ನಾಲ್ಕು ಮಾತುಗಳಲ್ಲಿ ಅರಿಕೆ ಮಾಡಿಕೊಳ್ಳುವೆನು.

೧೯೭೭ರ ಅಕ್ಟೋಬರಿನಲ್ಲಿ ಟಿಬಿಲಿಸಿ ನಗರದಲ್ಲಿ ಯುನೆಸ್ಕೋ ಸಂಸ್ಥೆಯ ಆಶ್ರಯದಲ್ಲಿ ನಾನಾ ರಾಷ್ಟ್ರಗಳ ಪ್ರತಿನಿಧಿಗಳು ಸಭೆ ಸೇರಿ, ಪರಿಸರಶಿಕ್ಷಣಕ್ಕೆ ಐದು ಉದ್ದೇಶಗಳನ್ನು ಗೊತ್ತುಪಡಿಸಿದರು. ಎಚ್ಚರ, ಜ್ಞಾನ, ಮನೋಭಾವ, ಕೌಶಲ, ಕಾರ್ಯದಲ್ಲಿ ಪಾಲುಗೊಳ್ಳುವಿಕೆ ಇವೇ ಆ ಐದು. ನಮ್ಮ ದೇಶದಲ್ಲಿ ಎಂ. ಸಿ. ಮೆಹತಾ ಅವರ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು ೧೯೯೧ರ ನವೆಂಬರಿನಲ್ಲಿ, ಪರಿಸರವಿಷಯವನ್ನು ಶಾಲೆ ಕಾಲೇಜುಗಳಲ್ಲಿ ಕಡ್ಡಾಯವಾಗಿ ಬೋಧಿಸಬೇಕೆಂದು ನಿರ್ದೇಶಿಸಿತು. ಪಾಠವೇನೋ ಬಂದಿತು. ಆದರೆ ಪಾಠ ಬಂದಿತೆಂಬುದೊಂದು, ಪಾಠದಿಂದ ಫಲ ಬಂದಿತೆಂಬುದು ಮತ್ತೊಂದು. ಎರಡನೆಯದನ್ನು ತಿಳಿಯಬೇಕಾದರೆ ಪರೀಕ್ಷಿಸಿ ನೋಡುವುದರ ಹೊರತು ಬೇರೆ ದಾರಿಯಿಲ್ಲ.

ಇಂತಹ ಪರೀಕ್ಷೆಯು ಮೊದಲು ಕಲಿಸಿದ ಪಾಠವು ಕಹಿಯಾದುದು. ಹೈನ್ಸ್, ಹಂಗರ್‌ಫರ್ಡ್, ಟೊಮೇರಾ ಎಂಬ ಮೂವರು ವಿದ್ವಾಂಸರು ಅದುವರೆಗೆ ನಡೆದಿದ್ದ ೧೨೮ ಅಧ್ಯಯನಗಳನ್ನು ಒಟ್ಟುಗೂಡಿಸಿ ತೂಗಿನೋಡಿ, ತಮ್ಮ ನಿರ್ಣಯವನ್ನು ೧೯೮೭ರಲ್ಲಿ ಪ್ರಕಟಿಸಿದರು. ತಿಳಿವಳಿಕೆಗೂ ನಡತೆಗೂ ಸಂಬಂಧವುಂಟು. ಆದರೆ ತಿಳಿವಳಿಕೆಯೊಂದೇ ಸಾಲದು. ಪರಿಹಾರದ ಉಪಾಯ ತಿಳಿದಿರಬೇಕು, ತನ್ನ ಪ್ರಯತ್ನದಿಂದ ಏನಾದರೂ ಆದೀತೆಂಬ ನಂಬಿಕೆಯಿರಬೇಕು, ಇದು ತನ್ನ ಹೊಣೆಯೆಂಬ ಭಾವವಿರಬೇಕು, ಮಾಡುವೆನೆಂಬ ಸಂಕಲ್ಪವಿರಬೇಕು. ಎರಡನೆಯ ದಶೆಯಿಂದ ಮೂರನೆಯದಕ್ಕೆ ತಾನಾಗಿಯೇ ಸೇತುವೆ ಕಟ್ಟಿಕೊಳ್ಳುವುದಿಲ್ಲವೆಂಬುದು ಇದರ ಸಾರಾಂಶವು.

ನಮ್ಮ ನಾಡಿನ ಒಂದು ಉದಾಹರಣೆಯಿಂದ ಇದನ್ನು ವಿಶದಪಡಿಸುವೆನು. ಚಿತ್ರದುರ್ಗ, ತುಮಕೂರು, ಕೋಲಾರ ಮೊದಲಾದ ಜಿಲ್ಲೆಗಳ ಅನೇಕ ಗ್ರಾಮಗಳಲ್ಲಿ ಕೊಳವೆಬಾವಿಯ ನೀರಿನಲ್ಲಿ ಫ್ಲೋರೈಡ್ ಎಂಬ ಲವಣಾಂಶವು ಮಿತಿಮೀರಿ ಇರುತ್ತದೆ. ಲೀಟರಿಗೆ ೧.೫ ಮಿಲಿಗ್ರಾಂ ಮೀರಿದ ನೀರನ್ನು ಬಹುಕಾಲ ಕುಡಿದ ಮಕ್ಕಳ ಹಲ್ಲುಗಳು ಕಲೆಗಟ್ಟುತ್ತವೆ. ಪ್ರಮಾಣವು ಇನ್ನೂ ಹೆಚ್ಚಾದರೆ ಮೂಳೆ ಕೀಲುಗಳೂ ಬಿಗಿಯುತ್ತವೆ. ನೀರನ್ನು ಕುದಿಸಿ ಕುಡಿಯಬೇಕೆಂದು ಶಾಲೆಯಲ್ಲಿ ಕಲಿತ ಬಾಲಕನು ಪರೀಕ್ಷೆಯಲ್ಲಿ ಪೂರ್ಣ ಅಂಕಗಳನ್ನು ಪಡೆಯಬಹುದು. ಆದರೆ ಕುದಿಸುವುದರಿಂದ ರೋಗಾಣುಗಳು ಸಾಯುವವೇ ಹೊರತು ಫ್ಲೋರೈಡ್ ಹೋಗುವುದಿಲ್ಲ. ನೀರು ಇಂಗಿದಷ್ಟೂ ಅದು ಸಾಂದ್ರವಾಗುತ್ತದೆ. ತನ್ನೂರಿನ ನೀರನ್ನು ಕುರಿತು ಒಂದಕ್ಷರವನ್ನೂ ಅರಿಯದೆ ದೂರದ ಹಿಮಪರ್ವತಗಳು ಕರಗುವ ವಿಚಾರವನ್ನು ಬಾಯಿಪಾಠ ಮಾಡಿದವನ ವಿದ್ಯೆಯು ಅವನ ಹಲ್ಲನ್ನೇ ಕಾಯಲಾರದು. ಸಂಶೋಧಕನಾದವನು ಇಲ್ಲಿ ಅಂಕಪಟ್ಟಿಯನ್ನು ಬಿಟ್ಟು ಮನೆಯ ಕೊಡವನ್ನು ನೋಡುತ್ತಾನೆ. ಪಾಠಕ್ಕೆ ಮುಂಚೆ ಈ ಮನೆಯವರು ಎಲ್ಲಿಯ ನೀರನ್ನು ತರುತ್ತಿದ್ದರು? ಪಾಠವಾದ ವರ್ಷದ ಮೇಲೆ ಎಲ್ಲಿಯದನ್ನು ತರುತ್ತಾರೆ? ಪಾಠ ನಡೆಯದ ನೆರೆಯೂರಿನಲ್ಲಿ ಸ್ಥಿತಿ ಹೇಗಿದೆ? ಈ ಮೂರು ಪ್ರಶ್ನೆಗಳೇ ಆತನ ಒರೆಗಲ್ಲು.

ನಾಲ್ಕನೆಯ ದಶೆಯ ವಿಷಯದಲ್ಲಿ ಸಂಶೋಧನೆಯು ನಮಗೆ ಭರವಸೆ ಕೊಡುತ್ತದೆ. ಹಿಂದೂ ಮಹಾಸಾಗರದ ಸೇಷೆಲ್ಸ್ ದ್ವೀಪಗಳಲ್ಲಿ ನಡೆದು ೨೦೧೩ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಜೌಗುಭೂಮಿಗಳನ್ನು ಕುರಿತು ಕಲಿತ ಮಕ್ಕಳ ತಾಯಿತಂದೆಗಳಲ್ಲಿಯೂ ತಿಳಿವಳಿಕೆ ಹೆಚ್ಚಿದುದು, ಮನೆಯ ನೀರಿನ ಬಳಕೆ ಸುಧಾರಿಸಿದುದು ಕಂಡುಬಂದಿತು. ತಮ್ಮ ಮಕ್ಕಳಿಂದಲೇ ತಾವು ಕಲಿತೆವೆಂಬುದು ಹಿರಿಯರಿಗೆ ಅರಿವಾಗಿರಲಿಲ್ಲ. ಅಮೆರಿಕದ ಉತ್ತರ ಕ್ಯಾರೊಲಿನಾ ಪ್ರಾಂತದಲ್ಲಿ ನಡೆದು ೨೦೧೯ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನವು, ಹವಾಮಾನದ ವ್ಯತ್ಯಾಸವನ್ನು ಕುರಿತು ಮಕ್ಕಳು ಕಲಿತುದರಿಂದ ಹೆತ್ತವರ ಕಾಳಜಿ ಹೆಚ್ಚಿತೆಂದೂ, ಹೆಣ್ಣುಮಕ್ಕಳ ಮಾತು ಹೆಚ್ಚು ನಾಟಿತೆಂದೂ ತೋರಿಸಿಕೊಟ್ಟಿತು. ಮಕ್ಕಳ ಶಾಲೆಯು ಊರಿಗೆಲ್ಲ ಶಾಲೆಯಾಗಬಲ್ಲುದೆಂಬುದಕ್ಕೆ ಇದಕ್ಕಿಂತ ಬೇರೆ ಪ್ರಮಾಣ ಬೇಕೆ?

೨೦೨೦ರಲ್ಲಿ ಆರ್ಡೋಯಿನ್ ಮತ್ತು ಸಂಗಡಿಗರು ೧೦೫ ಅಧ್ಯಯನಗಳನ್ನು ಪರಾಮರ್ಶಿಸಿ, ನಿಸರ್ಗಕ್ಕೆ ನಿಜವಾಗಿ ಹಿತವನ್ನುಂಟುಮಾಡಿದ ಶಿಕ್ಷಣಕ್ರಮಗಳಲ್ಲಿ ನಾಲ್ಕು ಲಕ್ಷಣಗಳನ್ನು ಗುರುತಿಸಿದರು. ಅವು ಸ್ಥಳೀಯವಾದ ಸಮಸ್ಯೆಯನ್ನು ಹಿಡಿದುವು. ವಿಜ್ಞಾನಿಗಳು, ನೆಲಜಲಗಳ ಪಾಲಕರು, ಊರಿನ ಸಂಘಸಂಸ್ಥೆಗಳು ಇವರೊಡನೆ ಕೂಡಿ ನಡೆದುವು. ಕೈಕೆಲಸವನ್ನು ಪಾಠದೊಳಗೇ ಸೇರಿಸಿಕೊಂಡುವು. ಫಲವನ್ನು ಅಳೆದು ಪ್ರಕಟಿಸಿದುವು.

ಆಡಳಿತಗಾರರಿಗೆ ಇದರಿಂದ ದೊರೆಯುವ ಪ್ರಯೋಜನವು ಸ್ಪಷ್ಟವಾಗಿದೆ. ಯಾವ ಕ್ರಮವನ್ನಾದರೂ ನಾಡಿಗೆಲ್ಲ ಹಬ್ಬಿಸುವ ಮೊದಲು ಕೆಲವು ಶಾಲೆಗಳಲ್ಲಿ ನಡೆಯಿಸಿ, ನಡೆಯಿಸದ ಶಾಲೆಗಳೊಡನೆ ಹೋಲಿಸಿ ನೋಡಿದರೆ ಹಣವೂ ಕಾಲವೂ ಉಳಿಯುವುವು. ಪ್ರಶ್ನಪತ್ರಿಕೆಯು ಕಂಠಪಾಠವನ್ನೇ ಕೇಳಿದರೆ ಉಪಾಧ್ಯಾಯರು ಕಂಠಪಾಠವನ್ನೇ ಕಲಿಸುವರು. ಆದುದರಿಂದ ನೀರನ್ನು ಪರೀಕ್ಷಿಸುವುದು, ಕೆರೆಯ ಲೆಕ್ಕವಿಡುವುದು ಇವುಗಳಿಗೂ ಅಂಕಗಳಲ್ಲಿ ಸ್ಥಾನವಿರಬೇಕು. ಈ ಮಾತು ಸರಕಾರಕ್ಕೆ ಮಾತ್ರ ಸಲ್ಲತಕ್ಕುದೆಂದು ಭಾವಿಸಬಾರದು. ವಿದ್ಯಾಸಂಸ್ಥೆಗಳನ್ನು ನಡೆಯಿಸುವ ಮಠಗಳೂ ತಮ್ಮ ಮಟ್ಟಿಗೆ ನೀತಿಯನ್ನು ನಿರ್ಣಯಿಸುವುವೇ ಆಗಿವೆ. ವರ್ಷಕ್ಕೆ ಎಷ್ಟು ಸಸಿಗಳನ್ನು ನೆಟ್ಟೆವೆಂಬ ವರದಿಯ ಪಕ್ಕದಲ್ಲಿ, ಮೂರು ವರ್ಷಗಳ ಮೇಲೆ ಎಷ್ಟು ಉಳಿದುವೆಂಬ ಲೆಕ್ಕವನ್ನೂ ನಾವು ಬರೆಯಬೇಕು. ಎರಡನೆಯ ಅಂಕಿಯು ಚಿಕ್ಕದಾಗಿ ಕಂಡರೆ ನಾಚಬೇಕಾದುದಿಲ್ಲ. ಅದನ್ನು ಬಚ್ಚಿಟ್ಟರೆ ಮುಂದಿನ ವರ್ಷದ ಸಸಿಗಳೂ ಒಣಗುವುವು.

ಜನಸಾಮಾನ್ಯರಿಗಾದರೋ ಈ ಸಂಶೋಧನೆಯು ಪ್ರಶ್ನೆ ಕೇಳುವ ಅಧಿಕಾರವನ್ನು ಕೊಡುತ್ತದೆ. ಮಗುವು ಏನನ್ನು ಓದಿತೆಂದು ಕೇಳುವ ತಾಯಿತಂದೆಗಳು, ಅದರಿಂದ ನಮ್ಮ ಮನೆಯ ನೀರು, ನಮ್ಮ ಊರಿನ ಕೆರೆ, ನಮ್ಮ ಹೊಲದ ಮಣ್ಣು ಏನಾದುವೆಂದೂ ಕೇಳಲಿ. ಉಪಾಧ್ಯಾಯರು ಉತ್ತರವನ್ನು ಅಳೆದು ಹೇಳಲಿ. ಆಳುವವರು ಆ ಉತ್ತರದಂತೆ ಹಣವನ್ನು ವಿನಿಯೋಗಿಸಲಿ. ಆಗ ವಿದ್ಯೆಯ ನಾಲ್ಕು ದಶೆಗಳೂ ಪೂರ್ಣವಾಗುವುವು.