ಸಮುದ್ರದ ಉಸುಕು ಯಾರದು?



ಇವತ್ತಿನ ಮಾತು ಸಮುದ್ರದ ಬಗ್ಗೆ. ರಾಜೋಳಿಯಲ್ಲಿ ಕುಳಿತವರಿಗೆ ಸಮುದ್ರದ ಮಾತು ಯಾಕೆ ಅಂತ ನೀವು ಕೇಳಬಹುದು. ನಮಗೆ ಗೊತ್ತಿರುವುದು ತುಂಗಭದ್ರೆ. ಆಕೆ ಕರ್ನೂಲು ದಾಟಿ ಕೃಷ್ಣೆಯನ್ನು ಸೇರುತ್ತಾಳೆ. ಕೃಷ್ಣೆ ಬಂಗಾಳ ಕೊಲ್ಲಿ ಸೇರುತ್ತಾಳೆ. ನಮ್ಮ ಹೊಳೆಯ ಉಸುಕೂ ಹಿಂದೆ ಹಾಗೇ ಹರಿದು ಹೋಗಿ ಸಮುದ್ರದ ದಂಡೆಯಾಗುತ್ತಿತ್ತು. ಈಗ ಅಣೆಕಟ್ಟುಗಳು ಅದನ್ನು ತಡೆಯುತ್ತವೆ. ತಡೆದು ಉಳಿದದ್ದನ್ನು ಟ್ರ್ಯಾಕ್ಟರು, ಲಾರಿಗಳು ಒಯ್ಯುತ್ತವೆ.

ಉಸುಕು ಹೋದರೆ ಏನಾಗುತ್ತದೆ ಅಂತ ಹೊಳೆ ದಂಡೆಯವರಿಗೆ ಯಾರೂ ಹೇಳಿಕೊಡಬೇಕಿಲ್ಲ. ಉಸುಕು ನೀರನ್ನು ಹಿಡಿದಿಡುತ್ತದೆ. ಉಸುಕು ತೆಗೆದ ಕಡೆ ಬಾವಿ, ಬೋರಿನ ನೀರು ಕೆಳಗೆ ಇಳಿಯುತ್ತದೆ. ದಂಡೆ ಕುಸಿಯುತ್ತದೆ. ಗುಂಡಿ ಬಿದ್ದ ಜಾಗದಲ್ಲಿ ಈಜಲು ಇಳಿದ ಮಕ್ಕಳು ಮೇಲೆ ಬರುವುದಿಲ್ಲ. ಇದೆಲ್ಲ ಕಣ್ಣಿಗೆ ಕಾಣುತ್ತದೆ. ಕಾಣುವುದರಿಂದಲೇ ಊರಿನವರು ಲಾರಿ ತಡೆಯುತ್ತಾರೆ, ತಹಸೀಲ್ದಾರರ ಹತ್ತಿರ ಹೋಗುತ್ತಾರೆ. ಆದರೆ ನೀರಿನ ಕೆಳಗೆ, ದಂಡೆಯಿಂದ ಬಹಳ ದೂರದಲ್ಲಿ ಉಸುಕು ತೆಗೆದರೆ? ಅಲ್ಲಿ ನೋಡುವವರು ಯಾರು?

ಇದು ಸುಮ್ಮನೆ ಕೇಳುವ ಪ್ರಶ್ನೆ ಅಲ್ಲ. 2024ರ ನವೆಂಬರ್ 28ರಂದು ಕೇಂದ್ರ ಸರ್ಕಾರದ ಗಣಿ ಇಲಾಖೆ ಸಮುದ್ರದೊಳಗಿನ ಗಣಿಗಳ ಮೊದಲ ಹರಾಜನ್ನು ಕರೆಯಿತು. ಒಟ್ಟು 13 ಜಾಗಗಳು. ಗುಜರಾತಿನ ಹತ್ತಿರ ಸುಣ್ಣದ ಕೆಸರಿನ 3, ಕೇರಳದ ಕೊಲ್ಲಂ ಹತ್ತಿರ ಕಟ್ಟಡದ ಉಸುಕಿನ 3, ಗ್ರೇಟ್ ನಿಕೋಬಾರ್ ದ್ವೀಪದ ಹತ್ತಿರ ಲೋಹದ ಗಡ್ಡೆ, ಲೋಹದ ಪದರಗಳ 7. ಭೂಗರ್ಭ ಸರ್ವೇಕ್ಷಣಾ ಸಂಸ್ಥೆಯ ಲೆಕ್ಕದಲ್ಲಿ ಕೇರಳದ ಸಮುದ್ರದ ತಳದಲ್ಲಿ 74.5 ಕೋಟಿ ಟನ್ ಕಟ್ಟಡದ ಉಸುಕು ಇದೆ. ಹರಾಜಿಗೆ ಇಟ್ಟ ಕೊಲ್ಲಂನ ಮೂರು ಜಾಗಗಳಲ್ಲೇ ಸುಮಾರು 30 ಕೋಟಿ ಟನ್.

ಇಲ್ಲಿ ಕಾನೂನಿನ ಒಂದು ಮಾತನ್ನು ತಿಳಿದುಕೊಳ್ಳಬೇಕು. ದಂಡೆಯಿಂದ 12 ನಾಟಿಕಲ್ ಮೈಲು, ಅಂದರೆ ಸುಮಾರು 22 ಕಿಲೋಮೀಟರ್ ವರೆಗಿನ ನೀರಿನಲ್ಲಿ ಮೀನುಗಾರಿಕೆ ನೋಡಿಕೊಳ್ಳುವುದು ರಾಜ್ಯ ಸರ್ಕಾರ. ಅದರ ಆಚೆಗಿನದು ಕೇಂದ್ರದ ಕೈಯಲ್ಲಿದೆ. ಸಮುದ್ರದ ಗಣಿಗಾಗಿಯೇ 2002ರಲ್ಲಿ ಒಂದು ಕಾನೂನು ಬಂತು. 2023ರಲ್ಲಿ ಅದನ್ನು ತಿದ್ದಿ ಖಾಸಗಿ ಕಂಪನಿಗಳಿಗೆ ಹರಾಜಿನ ಬಾಗಿಲು ತೆರೆದರು. ಗಣಿಯ ರಾಯಲ್ಟಿ ಹಣ ಹೋಗುವುದು ಕೇಂದ್ರಕ್ಕೆ. ಮೀನು ಕಡಿಮೆಯಾದರೆ ನಷ್ಟ ಮಾತ್ರ ದಂಡೆಯ ಊರಿನದು.

ಕೊಲ್ಲಂನ ಆ ಜಾಗಕ್ಕೆ ಬೆಸ್ತರು ಬಹಳ ಹಿಂದಿನಿಂದ ಹೋಗುತ್ತಾರೆ. ಅದಕ್ಕೆ ಕೊಲ್ಲಂ ಬ್ಯಾಂಕ್ ಅಂತ ಹೆಸರು. ಬ್ಯಾಂಕ್ ಅಂದರೆ ಹಣದ ಬ್ಯಾಂಕ್ ಅಲ್ಲ, ನೀರಿನೊಳಗಿನ ಎತ್ತರದ ದಿಬ್ಬ. ಆದರೆ ಬೆಸ್ತರ ಮನೆಗೆ ಅದು ಹಣದ ಬ್ಯಾಂಕೂ ಹೌದು. ಭೂತಾಯಿ, ಬಂಗುಡೆ, ಸಿಗಡಿ ಸಿಗುವ ಜಾಗ ಅದು. ಅಲ್ಲಿ ನೀರಿನ ಆಳ 50-60 ಮೀಟರ್. ದೊಡ್ಡ ಹಡಗು ಬಂದು ಕೊಳವೆ ಇಳಿಸಿ, ಉಸುಕನ್ನು ನೀರಿನ ಜೊತೆ ಹೀರಿಕೊಳ್ಳುತ್ತದೆ. ಉಸುಕಿನಲ್ಲಿ ಹುಳ ಇವೆ, ಚಿಪ್ಪಿನ ಜೀವ ಇವೆ, ಸಣ್ಣ ಏಡಿ ಇವೆ. ಮೀನು ತಿನ್ನುವುದು ಇವನ್ನೇ. ಎಲ್ಲವೂ ಕೊಳವೆಯಲ್ಲಿ ಮೇಲೆ ಬರುತ್ತವೆ. ಹೀರಿದ ಮೇಲೆ ಕೆಸರು ನೀರನ್ನು ವಾಪಸ್ಸು ಬಿಡುತ್ತಾರೆ. ನೀರು ಕದಡುತ್ತದೆ, ಬಿಸಿಲು ಕೆಳಗೆ ಇಳಿಯುವುದಿಲ್ಲ, ಮೊಟ್ಟೆಗಳ ಮೇಲೆ ಕೆಸರು ಕೂರುತ್ತದೆ. ಬಿತ್ತಿದ ಹೊಲದ ಮೇಲೆ ಯಾರೋ ಒಂದು ಗೇಣು ಮಣ್ಣು ಸುರಿದರೆ ಹೇಗೋ ಹಾಗೆ.

ಕೇರಳದ ಜನ ಸುಮ್ಮನಿರಲಿಲ್ಲ. 2025ರ ಫೆಬ್ರವರಿ 27ರಂದು ಕರಾವಳಿಯಲ್ಲಿ 24 ಗಂಟೆಗಳ ಬಂದ್ ನಡೆಯಿತು. ದೋಣಿ ಇಳಿಯಲಿಲ್ಲ. ಆ ಕರಾವಳಿಯ ಉತ್ತರದ ತುದಿ ಕಾಸರಗೋಡು. ಅಲ್ಲಿ ನಮ್ಮ ಹಾಗೇ ಬೇರೆ ಭಾಷೆಯ ರಾಜ್ಯದಲ್ಲಿದ್ದು ಕನ್ನಡ ಆಡುವ ಮನೆಗಳಿವೆ, ಮಂಜೇಶ್ವರದ ಕಡೆ ತುಳು ಆಡುವ ಮನೆಗಳಿವೆ. ಹರಾಜು ಕೊಲ್ಲಂನಲ್ಲಿ, ಕಾಸರಗೋಡಿಗೆ ಏನು ಅಂತ ಕೇಳಬಹುದು. ಮೀನಿಗೆ ಜಿಲ್ಲೆಯ ಗಡಿ ಇಲ್ಲ. ಒಂದು ಕಡೆ ಕಳೆದ ಮೀನನ್ನು ಇನ್ನೊಂದು ಕಡೆಯ ಬಲೆ ಹುಡುಕಬೇಕಾಗುತ್ತದೆ. ಮಾರ್ಚ್ 4ರಂದು ಕೇರಳ ವಿಧಾನಸಭೆ ಈ ಗಣಿಗಾರಿಕೆ ಬೇಡ ಅಂತ ಒಮ್ಮತದಿಂದ ನಿರ್ಣಯ ಮಾಡಿತು. ಯಾವಾಗಲೂ ಜಗಳವಾಡುವ ಎರಡು ಬಣಗಳೂ ಈ ಗಣಿಯನ್ನು ಬೇಡ ಅಂದವು. ಹರಾಜಿಗೆ ಅರ್ಜಿ ಹಾಕುವ ಕೊನೆಯ ದಿನವನ್ನು ಆ ವರ್ಷ ಒಂದಕ್ಕಿಂತ ಹೆಚ್ಚು ಸಲ ಮುಂದಕ್ಕೆ ಹಾಕಲಾಯಿತು.

ಇನ್ನು ನಿಕೋಬಾರಿನ ಲೋಹದ ಗಡ್ಡೆಗಳ ಮಾತು. ಇದು ಇನ್ನೂ ಆಳದ ವಿಷಯ. ಬಹಳ ಆಳದಲ್ಲಿ, ಬಿಸಿಲೇ ಇಲ್ಲದ ಕತ್ತಲೆಯಲ್ಲಿ, ಆಲೂಗಡ್ಡೆಯಂಥ ಕರಿ ಗಡ್ಡೆಗಳು ಬಿದ್ದಿರುತ್ತವೆ. ಅವುಗಳಲ್ಲಿ ಮ್ಯಾಂಗನೀಸು, ನಿಕ್ಕಲ್, ಕೋಬಾಲ್ಟ್, ತಾಮ್ರ ಇವೆ. ಮೊಬೈಲು, ವಿದ್ಯುತ್ ಗಾಡಿಗಳ ಬ್ಯಾಟರಿಗೆ ಇವು ಬೇಕು. ಒಂದು ಗಡ್ಡೆ ಕೆಲವೇ ಮಿಲಿಮೀಟರ್ ಬೆಳೆಯಲು ಹತ್ತು ಲಕ್ಷ ವರ್ಷ ಬೇಕು. ಹಿಂದೂ ಮಹಾಸಾಗರದ ನಡುವೆ 75,000 ಚದರ ಕಿಲೋಮೀಟರ್ ಜಾಗದಲ್ಲಿ ಇವನ್ನು ಹುಡುಕಲು ಭಾರತ 2002ರಲ್ಲಿ ಅಂತರರಾಷ್ಟ್ರೀಯ ಸಂಸ್ಥೆಯ ಜೊತೆ ಒಪ್ಪಂದ ಮಾಡಿಕೊಂಡಿತು. ಎಷ್ಟು ದೊಡ್ಡ ಜಾಗ ಅಂದರೆ, ನಮ್ಮ ತೆಲಂಗಾಣ ರಾಜ್ಯವನ್ನು ಮೂರು ಪಾಲು ಮಾಡಿ ಎರಡು ಪಾಲು ಇಟ್ಟ ಹಾಗೆ.

ಅಷ್ಟು ಆಳದಲ್ಲಿ ಗುದ್ದಲಿ ಹಾಕಿದರೆ ಏನಾಗುತ್ತದೆ? ಇದನ್ನು ಪರೀಕ್ಷೆ ಮಾಡಿ ನೋಡಿದ್ದಾರೆ. 1989ರಲ್ಲಿ ಜರ್ಮನಿಯ ವಿಜ್ಞಾನಿಗಳು ಪೆರು ದೇಶದ ಆಚೆ, ನಾಲ್ಕು ಸಾವಿರ ಮೀಟರ್‌ಗಿಂತ ಆಳದಲ್ಲಿ, ಸಮುದ್ರದ ತಳದ ಮೇಲೆ ಕುಂಟೆಯಂಥ ಸಲಕರಣೆ ಎಳೆದರು. 26 ವರ್ಷ ಬಿಟ್ಟು 2015ರಲ್ಲಿ ಹೋಗಿ ನೋಡಿದರು. ಸಾಲುಗಳು ಹಾಗೇ ಇದ್ದವು. ನಮ್ಮ ಹೊಲದಲ್ಲಿ ಹೊಡೆದ ಕುಂಟೆಯ ಗುರುತು ಒಂದು ಮಳೆಗೆ ಅಳಿಯುತ್ತದೆ. ಅಲ್ಲಿ ಮಳೆಯೂ ಇಲ್ಲ, ಗಾಳಿಯೂ ಇಲ್ಲ.

ಪಪುವಾ ನ್ಯೂಗಿನಿ ಅಂತ ಒಂದು ಬಡ ದೇಶ ಇದೆ. ಅಲ್ಲಿನ ಸರ್ಕಾರ ಸಾಲ ತಂದು ಸಮುದ್ರ ಗಣಿಯ ಕಂಪನಿಯೊಂದರ ಯೋಜನೆಯಲ್ಲಿ ಪಾಲು ಕೊಂಡಿತು. 2019ರಲ್ಲಿ ಕಂಪನಿ ದಿವಾಳಿ ಎದ್ದಿತು. ಲೋಹ ಬರಲಿಲ್ಲ, ಸಾಲ ಉಳಿಯಿತು. ದಂಡೆಯ ಜನ ಬೇಡ ಬೇಡ ಅಂತ ಮೊದಲೇ ಹೇಳಿದ್ದರು.

ಹಾಗಾದರೆ ಸರ್ಕಾರಗಳು ಸುಳ್ಳು ಹೇಳುತ್ತವೆಯೇ? ನನಗೆ ಅನಿಸುವುದು ಇಷ್ಟು: ಪೂರ್ತಿ ಸುಳ್ಳು ಹೇಳುವ ಅಗತ್ಯವೇ ಬೀಳುವುದಿಲ್ಲ. ಅರ್ಧ ಹೇಳಿದರೆ ಸಾಕು. ಎಷ್ಟು ಟನ್ ಉಸುಕು ಇದೆ ಅಂತ ಹೇಳುತ್ತಾರೆ. ಎಷ್ಟು ಮನೆಗಳು ಆ ಮೀನಿನಿಂದ ಬದುಕುತ್ತವೆ ಅಂತ ಅದೇ ಕಾಗದದಲ್ಲಿ ಬರೆಯುವುದಿಲ್ಲ. ಪರಿಸರದ ಅಧ್ಯಯನ ಆಗುತ್ತದೆ ಅನ್ನುತ್ತಾರೆ. ಆದರೆ ಮೊದಲು ಹರಾಜು, ಆಮೇಲೆ ಗೆದ್ದ ಕಂಪನಿಯೇ ಅಧ್ಯಯನ ಮಾಡಿಸಬೇಕು. ತಾಳಿ ಕಟ್ಟಿದ ಮೇಲೆ ಗಂಡಿನ ಮನೆ ನೋಡಲು ಹೋದ ಹಾಗೆ. 'ನೀಲಿ ಆರ್ಥಿಕತೆ' ಅಂತ ಚೆಂದದ ಹೆಸರು ಇಡುತ್ತಾರೆ. ಹೆಸರು ಚೆಂದ ಇದ್ದಷ್ಟೂ ಕೆಳಗಿನ ಸಣ್ಣ ಅಕ್ಷರ ಓದಬೇಕು.

ಸರ್ಕಾರದ ಕಡೆಯೂ ಒಂದು ಮಾತಿದೆ, ಅದನ್ನು ಮುಚ್ಚಿಡಬಾರದು. ಮನೆ, ರಸ್ತೆ, ಶಾಲೆ ಕಟ್ಟಲು ಉಸುಕು ಬೇಕು. ನದಿಗಳಲ್ಲಿ ಉಳಿದಿಲ್ಲ. ಬ್ಯಾಟರಿಯ ಲೋಹಕ್ಕೆ ಬೇರೆ ದೇಶಗಳ ಮುಂದೆ ಕೈಚಾಚಬೇಕು. ಇದು ನಿಜ. ಆದರೆ ಬೇಕು ಅನ್ನುವುದು ಬೇರೆ, ಕೇಳದೆ ತೆಗೆದುಕೊಳ್ಳುವುದು ಬೇರೆ. 2025ರ ಸೆಪ್ಟೆಂಬರ್ 8ರಂದು ಕೇಂದ್ರದ ಪರಿಸರ ಇಲಾಖೆ ಒಂದು ಆದೇಶ ಹೊರಡಿಸಿತು. ಅಣು ಖನಿಜ ಮತ್ತು ದೇಶಕ್ಕೆ ಬಹಳ ಮುಖ್ಯ ಅಂತ ಪಟ್ಟಿ ಮಾಡಿದ ಖನಿಜಗಳ ಗಣಿಗೆ ಸಾರ್ವಜನಿಕ ವಿಚಾರಣೆ ಬೇಕಿಲ್ಲ ಅಂತ. ನಿಕ್ಕಲ್, ಕೋಬಾಲ್ಟ್ ಆ ಪಟ್ಟಿಯಲ್ಲಿವೆ. ಸಾರ್ವಜನಿಕ ವಿಚಾರಣೆ ಅಂದರೆ ಊರಿನವರನ್ನು ಕೂರಿಸಿ, ಅವರ ಮಾತು ಬರೆದುಕೊಳ್ಳುವ ಸಭೆ. ಆ ಸಭೆಯೇ ಬೇಡ ಅಂದರೆ ಅರ್ಥವೇನು?

ಕೇಳದೆ ಮಾಡಿದರೆ ಏನಾಗುತ್ತದೆ ಅಂತ ತಿಳಿಯಲು ಸಮುದ್ರಕ್ಕೆ ಹೋಗಬೇಕಿಲ್ಲ. ನಮ್ಮ ರಾಜೋಳಿ ಮಂಡಲದ ಪೆದ್ದ ಧನ್ವಾಡದಲ್ಲಿ ಎಥನಾಲ್ ಕಾರ್ಖಾನೆ ಬೇಡ, ನೀರು ಭೂಮಿ ಕೆಡುತ್ತವೆ ಅಂತ ರೈತರು ವಿರೋಧ ಮಾಡಿದರು. 2025ರ ಜೂನ್‌ನಲ್ಲಿ ಅದು ಗಲಾಟೆ, ಕೇಸು, ಜೈಲಿನವರೆಗೆ ಹೋಯಿತು. ಕಲ್ಲು ಎತ್ತುವ ಮೊದಲೇ ಕಾಗದ ಎತ್ತಬೇಕಿತ್ತು, ಎರಡು ಕಡೆಯವರೂ.

ಕಾಗದ ಅಂದೆ. ಈಗ ನೀವು ಅಕ್ಷರ ಕಲಿತಿದ್ದೀರಿ. 2005ರ ಮಾಹಿತಿ ಹಕ್ಕು ಕಾನೂನಿನಲ್ಲಿ ಯಾವ ಪ್ರಜೆಯಾದರೂ ಸರ್ಕಾರದ ಕಾಗದ ಕೇಳಬಹುದು. ಸಮುದ್ರದ ಹರಾಜಿನ ಕಾಗದ ಬೇಕಾದರೆ ದೆಹಲಿಯ ಗಣಿ ಇಲಾಖೆಗೆ 10 ರೂಪಾಯಿ ಕಟ್ಟಿ ಅರ್ಜಿ ಹಾಕಬಹುದು. ನಮ್ಮ ರಾಜ್ಯದಲ್ಲಿ ಗ್ರಾಮ ಮಟ್ಟದ ಕಚೇರಿಗೆ ಅರ್ಜಿ ಶುಲ್ಕ ಇಲ್ಲ, ಮಂಡಲ ಕಚೇರಿಗೆ 5 ರೂಪಾಯಿ. ಬಡತನದ ರೇಖೆಯ ಕೆಳಗಿನವರಿಗೆ ಎಲ್ಲಿಯೂ ಶುಲ್ಕವಿಲ್ಲ. ಯಾಕೆ ಬೇಕು ಅಂತ ಕಾರಣ ಹೇಳಬೇಕಿಲ್ಲ. 30 ದಿನದೊಳಗೆ ಉತ್ತರ ಕೊಡಬೇಕು. ಬರೆಯಲು ಬಾರದವರು ಬಾಯಲ್ಲಿ ಹೇಳಿದರೆ ಬರೆಯಲು ಅಧಿಕಾರಿ ನೆರವಾಗಬೇಕು.

ಮನೆಯಲ್ಲಿ ಕನ್ನಡ ಇರಲಿ, ಇಲ್ಲಿಂದ ಹಾಕುವ ಅರ್ಜಿ ಮಾತ್ರ ತೆಲುಗು, ಹಿಂದಿ ಇಲ್ಲವೇ ಇಂಗ್ಲಿಷಿನಲ್ಲಿರಬೇಕು. ಉದ್ದ ಬರೆಯಬೇಡಿ. ನಮ್ಮ ಹೊಳೆಯ ಉಸುಕಿನ ವಿಷಯವಾದರೆ ಹೀಗೆ ಕೇಳಿ: ಈ ಜಾಗದಲ್ಲಿ ಉಸುಕು ತೆಗೆಯಲು ಯಾರಿಗೆ ಅನುಮತಿ ಕೊಟ್ಟಿದ್ದೀರಿ, ಎಷ್ಟು ಟನ್, ಯಾವ ದಿನಾಂಕದವರೆಗೆ, ಗ್ರಾಮಸಭೆ ನಡೆದಿದ್ದರೆ ಅದರ ನಡಾವಳಿಯ ನಕಲು ಕೊಡಿ. ಕೆಳಗೆ ಹೆಸರು, ವಿಳಾಸ, ಸಹಿ, ತಾರೀಖು. ಕೊಡುವ ಮೊದಲು ಒಂದು ಜೆರಾಕ್ಸ್ ಮಾಡಿಸಿಕೊಳ್ಳಿ, ಅದರ ಮೇಲೆ ಕಚೇರಿಯ ಮುದ್ರೆ ಹಾಕಿಸಿಕೊಂಡೇ ಬನ್ನಿ.