ಐವತ್ತೇಳರಲ್ಲಿ ಹೊಸ ಪಾಠ



ರಾಜ್ಯೋತ್ಸವದ ದಿನ ಬ್ಯಾಂಕಿನ ಗುಮಾಸ್ತನೊಬ್ಬ ವಿಜ್ಞಾನದ ಮಾತೆತ್ತಿದರೆ ನಿಮಗೆ ನಗು ಬಂದೀತು. ನಾನು ಬಿ.ಕಾಂ. ಓದಿದವನು, ನನಗೆ ತಿಳಿದ ಲೆಕ್ಕದ ಭಾಷೆಯಲ್ಲೇ ಹೇಳುತ್ತೇನೆ.

ಪೆನ್ಸಿಲಿನ ಕಡ್ಡಿಯಲ್ಲಿರುವ ಗ್ರಾಫೈಟನ್ನು ನಮ್ಮ ಹಳೆಯ ಲೆಡ್ಜರಿಗೆ ಹೋಲಿಸಬಹುದು. ಅದರಲ್ಲಿ ಇಂಗಾಲದ ಪರಮಾಣುಗಳ ಹಾಳೆಗಳು ಒಂದರ ಮೇಲೊಂದು ಕೂತಿವೆ. ಅವುಗಳಲ್ಲಿ ಒಂದೇ ಹಾಳೆಗೆ ಗ್ರಾಫೀನ್ ಎಂದು ಹೆಸರು. ಆ ಹಾಳೆಯನ್ನು ಸುರುಳಿ ಸುತ್ತಿದಂತಿರುವುದೇ ನ್ಯಾನೋ ಕೊಳವೆ. ಅದು ತಲೆಗೂದಲಿಗಿಂತ ಸಾವಿರಾರು ಪಾಲು ಸಣ್ಣದು. ಬಲದಲ್ಲಿ ಮಾತ್ರ ಉಕ್ಕನ್ನೂ ಮೀರಿಸುವಂಥದು.

ಈ ಕ್ಷೇತ್ರದಲ್ಲಿ ದುಡಿದ ನಮ್ಮವರು ಡಾ. ಸಿ. ಎನ್. ಆರ್. ರಾವ್. 1934ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದವರು; ಬಸವನಗುಡಿಯ ಆಚಾರ್ಯ ಪಾಠಶಾಲೆಯಲ್ಲಿ ಕನ್ನಡ ಮಾಧ್ಯಮದಲ್ಲಿ ಕಲಿತವರು. ಮೈಸೂರು ವಿಶ್ವವಿದ್ಯಾನಿಲಯದ ಪದವಿಯ ಬಳಿಕ ಕಾಶಿಯಲ್ಲೂ ಅಮೆರಿಕೆಯ ಪರ್ಡ್ಯೂದಲ್ಲೂ ಓದಿ, 1959ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದರು. 1963ರಲ್ಲಿ ಕಾನ್ಪುರಕ್ಕೆ ಹೋಗಿ, 1976ರಲ್ಲಿ ಹಿಂದಿರುಗಿದರು. ಅವರೂ ನಮ್ಮಂತೆ ಪರಸ್ಥಳದ ನೀರು ಕುಡಿದವರೇ.

ಈಗ ಲೆಕ್ಕ ಹಾಕೋಣ. ಜಪಾನಿನ ಸುಮಿಯೊ ಇಜಿಮಾ ಅವರು ನ್ಯಾನೋ ಕೊಳವೆಗಳ ವಿಚಾರ ಪ್ರಕಟಿಸಿದ್ದು 1991ರಲ್ಲಿ. ಆಗ ರಾಯರಿಗೆ ಐವತ್ತೇಳು ವರ್ಷ. ಬ್ಯಾಂಕಿನಲ್ಲಿ ಆ ವಯಸ್ಸಿಗೆ ಪಿಂಚಣಿ ಎಣಿಸುತ್ತೇವೆ. ರಾಯರು ಲೋಹದ ಆಕ್ಸೈಡುಗಳ ಸಂಶೋಧನೆಯಲ್ಲಿ ಆಗಲೇ ಹೆಸರು ಗಳಿಸಿದ್ದರು, ಅಷ್ಟಕ್ಕೇ ಸುಮ್ಮನಿರಬಹುದಾಗಿತ್ತು. ಅವರು ಹೊಸ ಪಾಠಕ್ಕೆ ಕೂತರು. 2000ದಲ್ಲಿ ಅವರ ತಂಡ ಎರಡು ರಾಸಾಯನಿಕಗಳ ಆವಿಯನ್ನು ಕಡುಶಾಖದಲ್ಲಿ ಒಡೆದು, ಮರದ ಕೊಂಬೆಯಂತೆ ಕವಲೊಡೆದ ನ್ಯಾನೋ ಕೊಳವೆಗಳನ್ನು ಪಡೆಯಿತು. ಇಂಥ ಕವಲುಗಳು ಅತಿ ಸಣ್ಣ ವಿದ್ಯುನ್ಮಾನ ಉಪಕರಣಗಳಿಗೆ ಉಪಯೋಗವಾಗಬಲ್ಲವೆಂಬುದು ವಿಜ್ಞಾನಿಗಳ ಆಸೆ.

2004ರಲ್ಲಿ ಮ್ಯಾಂಚೆಸ್ಟರಿನವರು ಗ್ರಾಫೀನ್ ಹಾಳೆಯನ್ನು ಬೇರ್ಪಡಿಸಿದ ಸುದ್ದಿ ಬಂದಾಗ ರಾಯರಿಗೆ ಎಪ್ಪತ್ತು. ಮತ್ತೆ ಪಾಠ ಶುರು! 2009ರಲ್ಲಿ ಅವರ ತಂಡ, ಜಲಜನಕದ ನಡುವೆ ಗ್ರಾಫೈಟ್ ಕಡ್ಡಿಗಳ ಮಧ್ಯೆ ವಿದ್ಯುತ್ತಿನ ಕಿಡಿ ಹಾಯಿಸಿ ಗ್ರಾಫೀನ್ ತಯಾರಿಸುವ ಸುಲಭ ವಿಧಾನವನ್ನು ಪ್ರಕಟಿಸಿತು. ಭಾರತರತ್ನ ಸಂದದ್ದು 2014ರಲ್ಲಿ.

ಬಂಧುಗಳೆ, ನಾನೊಂದು ಮಾತು ಒಪ್ಪಿಕೊಳ್ಳಬೇಕು. ಮೂವತ್ತಾರಾಯಿತು, ಇನ್ನೇನು ಓದುವುದೆಂದು ಬಡ್ತಿ ಪರೀಕ್ಷೆಯ ಪುಸ್ತಕಗಳನ್ನು ಅಟ್ಟಕ್ಕೆ ಹಾಕಿದ್ದೆ. ಈ ಲೆಕ್ಕ ಬರೆದ ರಾತ್ರಿಯೇ ಕೆಳಗಿಳಿಸಿದೆ. ಇಲ್ಲಿನ ಕಾರ್ಖಾನೆಗಳಲ್ಲಿ ಪಾಳಿ ಮುಗಿಸಿ ದಣಿದು ಬರುವ ನಮ್ಮಲ್ಲಿ ಹಲವರು, ‘ನಮ್ಮ ಕಾಲ ಮುಗಿಯಿತು, ಮಕ್ಕಳು ಓದಲಿ’ ಎನ್ನುತ್ತೇವೆ. ಮಕ್ಕಳು ಓದಲಿ, ಸಂತೋಷ. ಆದರೆ ಅವರ ಪಕ್ಕದಲ್ಲಿ ನಾವೂ ಒಂದು ಪುಸ್ತಕ ಬಿಡಿಸಿ ಕೂರೋಣ. ತಂದೆತಾಯಿ ಓದುವುದನ್ನು ಕಂಡ ಮಗುವಿಗೆ ಓದೆಂದು ಹೇಳಬೇಕಾಗುವುದಿಲ್ಲ.