ಹೊಸ ದೋಣಿ, ಹಳೆಯ ದೋಣಿ



ಅಮೆರಿಕದ ಮಯಾಮಿಯಲ್ಲಿರುವ ಮಗಳ ಮನೆಗೆ ಹೋಗಿದ್ದಾಗ, ಅಳಿಯಂದಿರಿಗೆ ವೇಗದ ಮೋಟಾರುದೋಣಿಯೊಂದನ್ನು ಕೊಳ್ಳುವ ಹಂಬಲವಿತ್ತು. ಹೊಸದೋ, ಹಳೆಯದೋ ಎಂಬುದೇ ಪ್ರಶ್ನೆ. ಕೂಡಿಟ್ಟ ಹಣವೆಲ್ಲ ಅದಕ್ಕೆ ಮೀಸಲು. ಮೊಮ್ಮಗಳೂ ಅದರಲ್ಲಿ ಕುಳಿತುಕೊಳ್ಳುವವಳು.

ಹಳೆಯದರ ಪರವಾಗಿ ಇತಿಹಾಸವೇ ಸಾಕ್ಷಿ ನುಡಿಯುತ್ತದೆ. ರೇ ಹಂಟ್ ರೂಪಿಸಿದ ಆಳವಾದ ‘ವಿ’ ಆಕಾರದ ತಳವುಳ್ಳ ‘ಮಾಪಿ’ ಎಂಬ ದೋಣಿ, 1960ರಲ್ಲಿ ಮಯಾಮಿಯಿಂದ ಬಹಾಮಾದ ನಸ್ಸೌವರೆಗಿನ ಪಂದ್ಯವನ್ನು ಬಿರುಸಾದ ಅಲೆಗಳ ನಡುವೆ ಗೆದ್ದಿತು. ಅಲೆಗೆ ಅಪ್ಪಳಿಸದೆ ಅದನ್ನು ಸೀಳಿ ಸಾಗುವ ಆ ವಿನ್ಯಾಸ ಇಂದಿಗೂ ಬಳಕೆಯಲ್ಲಿದೆ. ಗಟ್ಟಿಯಾದ ತಳಕ್ಕೆ ಬೇಗ ಮುಪ್ಪಿಲ್ಲ. ಮುಪ್ಪು ಬರುವುದು ಉಪ್ಪುನೀರು ಕುಡಿದ ಎಂಜಿನ್ನಿಗೆ.

ಹೊಸದಕ್ಕೂ ಹಿರಿಮೆಯುಂಟು. ಮೆಟ್ಟಿಲಿನಂತೆ ರೂಪಿಸಿದ ತಳವಿದ್ದರೆ ನೀರಿನ ಎಳೆತ ತಗ್ಗುತ್ತದೆ. ಕೆಟ್ಟರೆ ತಯಾರಕರ ಖಾತರಿಯಿರುತ್ತದೆ. ಆದರೆ ಬೆಲೆ ಮೊದಲ ವರ್ಷಗಳಲ್ಲಿಯೇ ಬಹಳ ಇಳಿಯುತ್ತದೆ. ಅಶ್ವಶಕ್ತಿಗೆಂದು ಹೆಚ್ಚು ಹಣ ತೆರುವವರು ಒಂದು ಲೆಕ್ಕವನ್ನು ನೆನಪಿಡಬೇಕು: ತೂಕ ಅಷ್ಟೇ ಇದ್ದು ಶಕ್ತಿ ಇಮ್ಮಡಿಯಾದರೂ, ವೇಗ ಹೆಚ್ಚುವುದು ಸುಮಾರು 1.4 ಪಟ್ಟು ಮಾತ್ರ.

ನಾನು ಕನ್ನಡದ ಮೇಷ್ಟ್ರು. ಹಳೆಯ ಪುಸ್ತಕ ಕೊಳ್ಳುವಾಗ ರಟ್ಟಿನ ಹೊಳಪಿಗಿಂತ ಒಳಗಿನ ಗೆದ್ದಲನ್ನು ಮೊದಲು ನೋಡುವವನು. ಅದನ್ನೇ ಅಳಿಯಂದಿರಿಗೂ ಹೇಳಿದೆ. ಅವರು ಮೆಚ್ಚಿದ್ದ ಹಳೆಯ ದೋಣಿಯನ್ನು ತಜ್ಞರೊಬ್ಬರಿಂದ ಪರೀಕ್ಷೆ ಮಾಡಿಸಿದರು. ಸಿಲಿಂಡರುಗಳ ಒತ್ತಡ ಸರಿಯಾಗಿತ್ತು. ಆದರೆ ಎಂಜಿನ್ನಿನ ಭಾರ ಹೊರುವ ಹಿಂಬದಿಯ ಹಲಗೆಯೊಳಗೆ ನೀರು ಇಳಿದು ಮರ ಕೊಳೆತಿತ್ತು. ಹೊರಗೆ ಮಾತ್ರ ಕನ್ನಡಿಯಂಥ ಬಣ್ಣ!

ಬರಿಗೈಯಲ್ಲಿ ಮರಳಿದೆವು. ಕಳೆದುಕೊಂಡದ್ದು ತಜ್ಞರ ಶುಲ್ಕವನ್ನಷ್ಟೇ. ಹೊಸದು, ಹಳೆಯದು ಎಂಬುದಕ್ಕಿಂತ ಗಟ್ಟಿಯೋ ಟೊಳ್ಳೋ ಎಂಬುದೇ ದೊಡ್ಡ ಪ್ರಶ್ನೆ ಎಂದು ನನಗನ್ನಿಸಿತು.